ಮೊಂಡು ಪಿನ್ನಿನ ಆಯುಧಪೂಜೆ

ನಮ್ಮ ಮನೆಯವರ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೋಹನರಾಜ ಕೆಟ್ಟವರಲ್ಲ, ರಿಪೇರಿ ಮಾಡುವವರು. ಟೆಕ್ಸಾಸಿನ ಶುಗರ್ ಲ್ಯಾಂಡ್ ಊರಿನ ನಮ್ಮ ಮನೆಯಲ್ಲಿ ಅವರ ಕೈ ತಾಗದ ಸಾಮಾನುಗಳೆಲ್ಲ ಇವತ್ತಿಗೂ ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಡಿಶ್‌ವಾಶರನ್ನು ಅವರು ಬಿಚ್ಚಿ ಜೋಡಿಸಿದ ದಿನದಿಂದ ನಾವು ಅದನ್ನು ತೊಳೆದ ಪಾತ್ರೆ ಇಡುವ ಕಪಾಟಾಗಿ ಬಳಸುತ್ತಿದ್ದೇವೆ. ಯಾರಾದರೂ ಕೇಳಿದರೆ, "ನಮ್ಮವರ ಮನೆಗಳಲ್ಲಿ ಹಾಗೇ ಅಲ್ವಾ?" ಎಂದು ನಾನೇ ಮಾನ ಕಾಪಾಡುತ್ತೇನೆ.

ಡಿಶ್‌ವಾಶರಿಗೆ ಸುಮ್ಮನಿದ್ದವಳು ಬಂದೂಕಿಗೆ ಹೇಗೆ ಸುಮ್ಮನಿದ್ದೆ ಎಂದು ನೀವು ಕೇಳಬಹುದು. ಸುಮ್ಮನಿರಲಿಲ್ಲ. ಆದರೆ ನನ್ನ ಮಾತು ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಶುರುವಾದದ್ದು ಇಲ್ಲಿನ ಕನ್ನಡದ ಗೆಳೆಯ ಶಶಿಕಾಂತ್ ಅವರ ಮನೆಯ ಊಟದಲ್ಲಿ. ನವರಾತ್ರಿ ಹತ್ತಿರ ಬಂದಿತ್ತು. ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡು ನಮ್ಮವರು ಸಭೆಗೆ ಎಚ್ಚರಿಕೆ ಕೊಟ್ಟರು: "ಆಯುಧಪೂಜೆ ಅನ್ನೋದು ಈ ದೇಶದಲ್ಲಿ ಹಾಳಾಗ್ತಾ ಇದೆ. ಲ್ಯಾಪ್‌ಟಾಪಿಗೆ ಕುಂಕುಮ, ಕಾರಿನ ಚಕ್ರಕ್ಕೆ ನಿಂಬೆಹಣ್ಣು, ಮಿಕ್ಸಿಗೆ ಸೇವಂತಿಗೆ. ಇದರಲ್ಲಿ ಆಯುಧ ಎಲ್ಲಿದೆ ಸ್ವಾಮಿ?"

"ನಿಮ್ಮನೇಲಿ ಯಾವ ಆಯುಧ ಇಟ್ಟಿದ್ದೀರಿ ಮೋಹನರಾಜ್? ಈಳಿಗೆಮಣೆನಾ?" ಎಂದರು ಶಶಿಕಾಂತ್.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ತಪ್ಪಾಯಿತು. ಹೆಂಡತಿ ನಕ್ಕ ಮೇಲೆ ಗಂಡಸು ಬರಿಗೈಯಲ್ಲಿ ಇರುವುದು ಹೇಗೆ? "ಈ ಸಲ ನಮ್ಮನೇಲಿ ನಿಜವಾದ ಆಯುಧಕ್ಕೆ ಪೂಜೆ. ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕ್ತೀನಿ, ನೋಡ್ತಾ ಇರಿ" ಎಂದು ಅಲ್ಲಿಯೇ ಸಾರಿಬಿಟ್ಟರು.

ಟೆಕ್ಸಾಸಿನಲ್ಲಿ ಮಾವಿನ ಸೊಪ್ಪು ಸಿಗುವುದು ಕಷ್ಟ, ಬಂದೂಕು ಸಿಗುವುದು ಕಷ್ಟವಲ್ಲ. ಎದುರು ಮನೆಯ ವೇಯ್ನ್ ಬೇಟೆ ಬಿಟ್ಟು ಮೀನು ಹಿಡಿಯಲು ಶುರು ಮಾಡಿದ್ದ ಮುದುಕ. ತನ್ನ ಹಳೆಯ ರೈಫಲನ್ನು ಸಂತೋಷದಿಂದ ಮಾರಿದ. ಅದರ ನಳಿಗೆಯ ತುದಿಯಲ್ಲಿ, ಗುರಿ ನೋಡಲು, ಪುಟ್ಟ ಮೂಗಿನಂಥದ್ದು ಒಂದಿತ್ತು. ಯಾವಾಗಲೋ ಕೆಳಗೆ ಬಿದ್ದು ಆ ಮೂಗು ಸೊಟ್ಟಗಾಗಿತ್ತು. "ಹೊಸ ಮೂಗು ನನ್ನ ಹತ್ತಿರವೇ ಇದೆ, ತೆಗೆದುಕೋ. ಹಳೆಯದನ್ನು ಒಂದೇ ಒಂದು ಪಿನ್ ಹಿಡಿದುಕೊಂಡಿದೆ. ಆದರೆ ಆ ಪಿನ್ ಇದೆಯಲ್ಲ, ಅದನ್ನು..." ಎಂದು ವೇಯ್ನ್ ಏನೋ ಹೇಳಲು ಹೊರಟ.

"ವೇಯ್ನ್, ಐ ಆಮ್ ಆನ್ ಇಂಜಿನಿಯರ್" ಎಂದರು ನಮ್ಮವರು.

ವೇಯ್ನ್ ಟೋಪಿ ಸರಿಮಾಡಿಕೊಂಡು ದುಡ್ಡು ಎಣಿಸಿಕೊಂಡ. ಮಾರನೆಯ ದಿನವೇ ಗಾಲ್ವೆಸ್ಟನ್ ಕಡೆ ಮೀನು ಹಿಡಿಯಲು ಹೋದವನು ಫೋನು ಮುಟ್ಟಲಿಲ್ಲ.

ಬಂದೂಕು ಮನೆಗೆ ಬಂದ ಗಳಿಗೆಯಲ್ಲೇ ನಾನು ಒಂದು ಷರತ್ತು ಹಾಕಿದೆ. ಗುಂಡು ಮನೆಯೊಳಗೆ ಬರಕೂಡದು, ಮತ್ತು ಬೋಲ್ಟ್ ಎಂಬ ಅದರ ಮುಖ್ಯ ಭಾಗ ನನ್ನ ಬೀರುವಿನಲ್ಲಿ ಇರಬೇಕು. ಅದರಂತೆ ಬೋಲ್ಟನ್ನು ಧಾರೆಯ ಸೀರೆಯ ಮಡಿಕೆಯಲ್ಲಿ ಸುತ್ತಿ ಬೀಗ ಹಾಕಿದೆ. ಅದಿಲ್ಲದ ರೈಫಲ್ ಎಂದರೆ ಉದ್ದನೆಯ ಊದುಗೊಳವೆ, ಅಷ್ಟೆ.

"ಸೊಟ್ಟ ಮೂಗಿದ್ರೆ ಇರ್ಲಿ ಬಿಡಿ. ಅರಿಶಿನ ಕುಂಕುಮ ಹಚ್ಚಿ ಫೋಟೋ ಹೊಡೆದು ಒಳಗಿಡಿ" ಎಂದೆ.

"ನಾಗೂ, ಭಿನ್ನವಾಗಿರೋ ವಿಗ್ರಹಕ್ಕೆ ಪೂಜೆ ಮಾಡ್ತಾರಾ? ಇದೂ ಹಾಗೇ. ಐದು ನಿಮಿಷದ ಕೆಲಸ."

ಇಲ್ಲಿ ನಮ್ಮ ಮಗಳ ವಿಷಯ ಹೇಳಬೇಕು. ಹರ್ಷಿಣಿ ಹಲ್ಲಿನ ಡಾಕ್ಟರು. ಆಸ್ಟಿನ್ನಿನ ಕಾರ್ತಿಕೇಯನೂ ಅವಳೂ ಮದುವೆಯಾಗಬೇಕೆಂದು ತಾವೇ ತೀರ್ಮಾನ ಮಾಡಿಕೊಂಡಿದ್ದರು. ಹುಡುಗನ ತಂದೆತಾಯಿ ಧಾರವಾಡದವರು, ಮಗನ ಮನೆಗೆ ಬಂದಿದ್ದರು. ದೊಡ್ಡವರು ದೊಡ್ಡವರು ಕೂತು ಮಾತಾಡಿ ಸಿಹಿ ತಿಂದರೆ ಆಯಿತು, ಅಷ್ಟೇ ಬಾಕಿ. ಅದಕ್ಕೆ ಗೊತ್ತಾದ ದಿನ ಆಯುಧಪೂಜೆಯ ಭಾನುವಾರ. ಸಂಜೆ ರಾಹುಕಾಲ ಬರುವ ಮೊದಲು ಮಾತು ಮುಗಿಸೋಣವೆಂದು ಬೀಗರ ಕಡೆಯಿಂದಲೇ ಸೂಚನೆ ಬಂದಿತ್ತು.

ನನ್ನ ಚಿಂತೆ ಬಂದೂಕಿನದಲ್ಲ, ಮಗಳ ಎಡಗೈಯದು. ಹರ್ಷಿಣಿ ಎಡಗೈಯವಳು. ಬರೆಯುವುದು, ಬಡಿಸುವುದು, ಬಾಯಿಗೆ ತುತ್ತು ಇಡುವುದು, ಎಲ್ಲ ಎಡಗೈಯಲ್ಲೇ.

"ಅವರು ಸಂಪ್ರದಾಯದ ಜನ ಕಣೇ. ಅವರು ಹೋಗೋ ತನಕ ಆ ಕೈ ಮರೆತುಬಿಡು. ಎಡಗೈಲಿ ಏನಾದ್ರೂ ಕೊಟ್ಟೆ ಅಂದ್ರೆ ಮುಗೀತು" ಎಂದೆ.

"ಅಮ್ಮಾ, ಸೀರಿಯಸ್ಲೀ? ಐ ಪುಲ್ ಟೀತ್ ವಿತ್ ದಿಸ್ ಹ್ಯಾಂಡ್!"

"ಅವರ ಹಲ್ಲು ನೀನೇನೂ ಕೀಳಬೇಕಾಗಿಲ್ಲ. ಪಾಯಸ ಬಡಿಸಿದರೆ ಸಾಕು."

ಐದು ನಿಮಿಷದ ಕೆಲಸ ಗುರುವಾರ ಸಂಜೆ ಆರಂಭವಾಯಿತು. ಗರಾಜಿನ ಬೆಂಚಿನ ಮೇಲಿದ್ದ ವೈಸ್ ಎಂಬ ಬಿಗಿಯುವ ಇಕ್ಕಳದಲ್ಲಿ ರೈಫಲನ್ನು ಬಿಗಿದರು. ಗಣಪತಿಗೆ ಕೈಮುಗಿದರು. "ಶುಭಕಾರ್ಯ ಬಲಗಡೆಯಿಂದ" ಎಂದು ಹೇಳಿ, ಪಿನ್ನಿನ ಬಲತುದಿಗೆ ಪಂಚ್ ಎಂಬ ಕಬ್ಬಿಣದ ಕಡ್ಡಿ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದರು. ಪಿನ್ ಅಲ್ಲಾಡಲಿಲ್ಲ. ಇನ್ನೊಂದು ಹಾಕಿದರು. ಮಗದೊಂದು. ಬಲಗಾಲಿಟ್ಟು ಒಳಗೆ ಬಾ ಎನ್ನುವ ಜನ ನಾವು. ಬಲಗಡೆಯಿಂದ ಹೊಡೆದದ್ದು ತಪ್ಪೆಂದು ನನಗೂ ಹೊಳೆಯಲಿಲ್ಲ.

ಶುಕ್ರವಾರ ಅವರು ನನ್ನ ಅಡುಗೆಮನೆಗೆ ದಾಳಿ ಇಟ್ಟರು. ಮೊದಲು ಹೋದದ್ದು ಕೊಬ್ಬರಿ ಎಣ್ಣೆ. ಆಮೇಲೆ ಏಲಕ್ಕಿ ಕುಟ್ಟುವ ಕುಟ್ಟಾಣಿ. "ಸುತ್ತಿಗೆಗೆ ತೂಕ ಸಾಲ್ತಾ ಇಲ್ಲ" ಎಂಬುದು ವಿವರಣೆ. ಶನಿವಾರ ಬೆಳಿಗ್ಗೆ ತೆಂಗಿನತುರಿ ತೆಗೆಯಲೆಂದು ಫ್ರೀಜರ್ ಬಾಗಿಲು ತೆಗೆದರೆ, ಬಟಾಣಿಯ ಪೊಟ್ಟಣಕ್ಕೂ ಮಲ್ಲಿಗೆ ಮಾಲೆಗೂ ನಡುವೆ ಬಂದೂಕಿನ ನಳಿಗೆ ಮಲಗಿತ್ತು.

"ರೀ!"

"ಕಿರುಚಬೇಡ. ತಣ್ಣಗಾದ್ರೆ ಲೋಹ ಕುಗ್ಗುತ್ತೆ."

"ಕುಗ್ಗಿತಾ?"

"ಪಿನ್ನೂ ತೂತೂ ಎರಡೂ ಒಟ್ಟಿಗೇ ಕುಗ್ಗಿರಬೇಕು. ಈಗ ಬಿಸಿ ಮಾಡಿ ನೋಡೋಣ" ಎಂದು ಮಗಳ ಹೇರ್ ಡ್ರೈಯರ್ ಹಿಡಿದು ಹೊರಟರು. ಸಂಜೆಗೆ ಆ ಹೇರ್ ಡ್ರೈಯರೂ ರಿಪೇರಿಗೆ ಬಂತು. ಅದು ಇನ್ನು ಬದುಕುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಪ್ರತಿ ಏಟಿಗೂ ಮನೆ ನಡುಗುತ್ತಿತ್ತು. ಬೀದಿಯ ಮನೆಗಳ ಸಂಘದ ಸಮಿತಿಯಲ್ಲಿ ಶೀತಲ್ ಎನ್ನುವವರಿದ್ದಾರೆ, ದಿಲ್ಲಿಯ ಕಡೆಯವರು. ಯಾರ ಮನೆಯ ಹುಲ್ಲು ಎಷ್ಟು ಬೆಳೆದಿದೆ ಎಂಬುದನ್ನು ಹುಲ್ಲಿಗಿಂತ ಮೊದಲೇ ತಿಳಿದುಕೊಳ್ಳುವವರು. ಶನಿವಾರ ಬಂದು ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ಕೇಳಿದರು. "ನಾಗಮಣೀಜೀ, ಕಂಪ್ಲೇಂಟ್ ಬಂದಿದೆ. ಭಾಯಿಸಾಬ್ ಏನು ಒಡೀತಿದ್ದಾರೆ, ಗೋಡೆಯಾ?"

"ಪೂಜಾ ಕೀ ತಯ್ಯಾರಿ" ಎಂದೆ.

ಶೀತಲ್ ಎರಡು ಹೆಜ್ಜೆ ಹಿಂದೆ ಸರಿದರು. ದಕ್ಷಿಣದವರ ಪೂಜೆ ಇಷ್ಟು ಕಠಿಣವೆಂದು ಅವರಿಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಶಶಿಕಾಂತರಿಂದ ಗ್ರೂಪಿಗೆ ಸಂದೇಶ ಬಂತು: "ಫೋಟೋ ಎಲ್ಲಿ ಮೋಹನರಾಜ್? ಈಳಿಗೆಮಣೆ ಆದ್ರೂ ಪರವಾಗಿಲ್ಲ, ಹಾಕಿ." ಕೆಳಗೆ ನಗುವ ಮುಖಗಳ ಸಾಲು.

ಭಾನುವಾರ ಬೆಳಿಗ್ಗೆ ನಮ್ಮವರು ಸ್ನಾನ ಮಾಡಿ, ಪಂಚೆ ಉಟ್ಟು, ದೇವರ ಮುಂದೆ ನಿಂತು ಪ್ರತಿಜ್ಞೆ ಮಾಡಿದರು. ಪಿನ್ ಬಾರದೆ ಪೂಜೆಯಿಲ್ಲ. ಪೂಜೆಯಾಗದೆ ನೈವೇದ್ಯವಿಲ್ಲ. ನೈವೇದ್ಯವಾಗದೆ ಊಟವಿಲ್ಲ. ಆಯುಧಪೂಜೆ ಆಗದ ಮನೆಯಲ್ಲಿ ಮದುವೆಯ ಮಾತೂ ಇಲ್ಲ.

"ಕೊನೇದನ್ನ ವಾಪಸ್ ತಗೊಳ್ಳಿ" ಎಂದೆ.

"ದೇವರ ಮುಂದೆ ಹೇಳಿದ್ದನ್ನ ವಾಪಸ್ ತಗೊಳ್ಳೋಕಾಗುತ್ತಾ?"

ಹೀಗೆ ನನ್ನ ಮಗಳ ಮದುವೆ ಬೆಂಕಿಕಡ್ಡಿಗಿಂತ ಚಿಕ್ಕದಾದ ಒಂದು ಕಬ್ಬಿಣದ ಚೂರಿಗೆ ಸಿಕ್ಕಿಹಾಕಿಕೊಂಡಿತು.

"ಅಪ್ಪಾ, ಲೆಟ್ ಮಿ ಟ್ರೈ" ಎಂದು ಹರ್ಷಿಣಿ ಕೇಳಿದಳು.

"ಇದು ಹಲ್ಲಲ್ಲ ಮಗಳೇ" ಎಂದರು ಅವರು, ಹಲ್ಲು ಕಚ್ಚಿಕೊಂಡು.

ಮಧ್ಯಾಹ್ನ ಬೀಗರ ಕಾರು ಬಂತು. ಸೆಕೆಯೆಂದು ಗರಾಜಿನ ಬಾಗಿಲನ್ನು ಪೂರ್ತಿ ಎತ್ತಿದ್ದರು. ವೈಸಿನಲ್ಲಿದ್ದ ರೈಫಲಿನ ಬಾಯಿ ಬೀದಿಯ ಕಡೆಗಿತ್ತು. ಪಿನ್ ಕೂದಲೆಳೆಯಷ್ಟಾದರೂ ಸರಿಯಿತೇ ಎಂದು ನೋಡಲು ನಮ್ಮವರು ಹಿಂದಿನಿಂದ ಬಗ್ಗಿ, ಒಂದು ಕಣ್ಣು ಮುಚ್ಚಿ, ನಳಿಗೆಯ ಮೇಲೆ ದೃಷ್ಟಿ ಇಟ್ಟಿದ್ದರು. ಹಣೆಯ ಕುಂಕುಮ ಬೆವರಿನಲ್ಲಿ ಕರಗಿ ಮೂಗಿನ ತನಕ ಇಳಿದಿತ್ತು. ಸರಿಯಾಗಿ ಆ ನೋಟದ ನೇರಕ್ಕೆ ಕಾರು ಬಂದು ನಿಂತಿತು. ಮುಂದಿನ ಬಾಗಿಲಿನಿಂದ ಹಣ್ಣಿನ ಬುಟ್ಟಿ ಹಿಡಿದು ಹುಡುಗನ ತಂದೆ ಲಿಂಗರಾಜು ಇಳಿದರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ, ಸೌಮ್ಯ ಮುಖದ ಮನುಷ್ಯ.

"ಅಲ್ಲೇ ನಿಂತ್ಕೊಳ್ಳಿ! ಹತ್ತಿರ ಬರಬೇಡಿ! ಇವತ್ತು ಇದನ್ನ ಮುಗಿಸದೆ ಬಿಡೋದಿಲ್ಲ!" ಎಂದು ನಮ್ಮವರು ಕೂಗಿದರು. ಪಿನ್ ಹಾರಿ ಯಾರ ಕಣ್ಣಿಗಾದರೂ ಬಿದ್ದೀತೆಂಬ ಕಾಳಜಿ ಅದು. ಆದರೆ ಕಾಳಜಿ ಕಾಣಿಸುವಂಥ ಮುಖ ಆಗ ಅವರದಾಗಿರಲಿಲ್ಲ.

ಬುಟ್ಟಿ ಕೆಳಗೆ ಬಿತ್ತು. ಸೇಬುಗಳು ಬೀದಿಯ ಕಡೆಗೆ ಉರುಳಿದವು. ಲಿಂಗರಾಜು ಎರಡೂ ಕೈ ಮೇಲೆತ್ತಿದರು.

"ಕಾರ್ತೀಕಾ, ಗಾಡಿ ಹೊಳ್ಳಸೋ!" ಎಂದು ಕಾರಿನ ಒಳಗಿನಿಂದ ಹುಡುಗನ ತಾಯಿ ಲಲಿತಮ್ಮನವರ ದನಿ. "ಮನಸಿಲ್ಲಂದ್ರ ಫೋನಿನ್ಯಾಗ ಹೇಳಬಾರದೇನು? ಇದೇನ್ ಪದ್ಧತಿನೋ ಯಪ್ಪಾ!"

ದಾರಿಯುದ್ದಕ್ಕೂ ಹೊತ್ತು ಹೋಗಲೆಂದು ಕಾರ್ತಿಕೇಯ ತಂದೆತಾಯಿಗೆ ಟೆಕ್ಸಾಸಿನ ತಮಾಷೆಗಳನ್ನು ಹೇಳಿದ್ದನಂತೆ. ಇಲ್ಲಿ ಹುಡುಗ ಮನೆಗೆ ಬರುವ ಹೊತ್ತಿಗೆ ಹುಡುಗಿಯ ಅಪ್ಪ ಬಂದೂಕು ಒರೆಸುತ್ತ ಜಗಲಿಯ ಮೇಲೆ ಕೂರುತ್ತಾನೆ, ಹಾಗೆ ಕೂತರೆ ಸಂಬಂಧ ಇಷ್ಟವಿಲ್ಲ ಎಂದರ್ಥ, ಎಂದು. ತಮಾಷೆ ಬಾಗಿಲಲ್ಲೇ ಕಾದು ಕೂತಿರುತ್ತದೆಂದು ಆ ಹುಡುಗನಾದರೂ ಹೇಗೆ ತಿಳಿದಾನು?

ಅದೇ ಹೊತ್ತಿಗೆ ಶೀತಲ್ ನಾಯಿಯೊಂದಿಗೆ ಬಂದರು. ಕೈ ಮೇಲೆತ್ತಿ ನಿಂತ ಹಿರಿಯರನ್ನು ನೋಡಿದರು, ಉರುಳುವ ಸೇಬುಗಳನ್ನು ನೋಡಿದರು. "ಭಾಯಿಸಾಬ್! ಯೇ ಕೈಸೀ ಪೂಜಾ ಹೈ?"

ನಾನು ಬೀರುವಿಗೆ ಓಡಿದೆ. ಧಾರೆಯ ಸೀರೆಯನ್ನೇ ಎಳೆದುಕೊಂಡು ಬಂದು, ಬೀದಿಯಲ್ಲಿ ಬಿಚ್ಚಿ, ಬೋಲ್ಟನ್ನು ಎತ್ತಿ ಹಿಡಿದೆ. "ನೋಡಿ ಬೀಗರೇ, ಇದರ ಜೀವ ನನ್ನ ಕೈಲಿದೆ! ಅದು ಬರೀ ಊದುಗೊಳವೆ! ದಯವಿಟ್ಟು ಕೈ ಇಳಿಸಿ! ಇವರು ನಾಲ್ಕು ದಿನದಿಂದ ಒಂದು ಪಿನ್ ತೆಗೀತಾ ಇದ್ದಾರೆ, ಬೇರೇನೂ ಅಲ್ಲ!"

ಲಿಂಗರಾಜು ಒಂದು ಕೈ ಇಳಿಸಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ ಇಳಿಸಿದರು. ಬೆಂಚಿನ ಹತ್ತಿರ ಬಂದು, ಕನ್ನಡಕ ಏರಿಸಿ, ಪಿನ್ನನ್ನು ನೋಡಿದರು. ಭಯ ಹೋದ ಜಾಗಕ್ಕೆ ಆಸಕ್ತಿ ಬರುವುದನ್ನು ನಾನು ಕಣ್ಣಾರೆ ಕಂಡೆ. ಅಯ್ಯೋ, ಇವರೂ ರಿಪೇರಿ ಮಾಡುವವರೇ!

"ಬಲಗಡೆಯಿಂದ ಬಡದೀರೇನ್ರಿ?"

"ಬಲಗಡೆಯಿಂದಾನೇ."

"ಛಲೋ ಆತು. ಎಲ್ಲಾ ಬಲಕ್ಕನ ಇರಬೇಕು. ಕೊಡ್ರಿಲ್ಲೆ, ಒಂದ್ ಕೈ ನೋಡೂಣು."

ಮುಂದಿನದನ್ನು ಗರಾಜಿನ ವೈಭವವೆನ್ನಬೇಕು. ಲಿಂಗರಾಜು ಕೋಟು ಬಿಚ್ಚಿದರು. ನಮ್ಮವರು ಪಂಚ್ ಹಿಡಿದರು, ಬೀಗರು ಹೊಡೆದರು. ಬೀಗರು ಪಂಚ್ ಹಿಡಿದರು, ನಮ್ಮವರು ಹೊಡೆದರು. ಒಂದು ಸಲ ಸುತ್ತಿಗೆ ನಮ್ಮವರ ಹೆಬ್ಬೆರಳಿಗೆ ಬಿತ್ತು. "ಏನಾಗಿಲ್ಲ, ಏನಾಗಿಲ್ಲ" ಎಂದು ಕುಣಿದರು. ಕಾರ್ತಿಕೇಯನಿಗೂ ಸರದಿ ಸಿಕ್ಕಿತು. ಸದ್ದು ನಿಲ್ಲಿಸಲು ಬಂದ ಶೀತಲ್ ಫೋನಿನ ಬೆಳಕು ಹಿಡಿದು, "ಔರ್ ಝೋರ್ ಸೇ!" ಎನ್ನುತ್ತಿದ್ದರು. ಎಲ್ಲರೂ ಬಲಗಡೆ ಗುಂಪುಗೂಡಿ, ಒಬ್ಬರ ಬೆನ್ನಿಗೆ ಒಬ್ಬರು ಬಗ್ಗಿ ನಿಂತಿದ್ದರು. ಗುರುವಾರ ಮೊಂಡಾಗಿದ್ದ ಪಿನ್ ಈಗ ಹಟಯೋಗಿಯಾಗಿತ್ತು. ಮದುವೆಯ ಮಾತು ಯಾರ ಬಾಯಲ್ಲೂ ಇರಲಿಲ್ಲ.

ಲಲಿತಮ್ಮನವರನ್ನು ನಾನು ಅಡುಗೆಮನೆಗೆ ಕರೆದುಕೊಂಡು ಬಂದೆ. ಹೋಳಿಗೆ ತಣ್ಣಗಾಗಿತ್ತು. ಕೋಸಂಬರಿ ನೀರು ಬಿಟ್ಟಿತ್ತು. ನೈವೇದ್ಯವಾಗದೆ ಯಾರಿಗೂ ಒಂದು ತುತ್ತಿಲ್ಲ. ಹರ್ಷಿಣಿ ಬಲಗೈಯಲ್ಲಿ ಪಾನಕದ ಲೋಟ ಕೊಡಲು ಹೋಗಿ ಅರ್ಧ ಪಾನಕವನ್ನು ಅತ್ತೆಯಾಗುವವರ ಸೀರೆಗೆ ಕೊಟ್ಟಳು. ಲಲಿತಮ್ಮನವರೂ ಬಲಗೈಯಲ್ಲಿ ಲೋಟ ಹಿಡಿಯಲು ಹೋಗಿ ಉಳಿದರ್ಧವನ್ನು ನೆಲಕ್ಕೆ ಕೊಟ್ಟರು. ಇಬ್ಬರೂ ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡರು.

"ನಾಗಮಣಿಯವರ, ನಿಮಗ ಬೀಗತಿ ಅಂತ ಕರೀಬೇಕು ಅಂತ ಭಾಳ ಆಸೆ ಅದ ರೀ" ಎಂದರು ಲಲಿತಮ್ಮ, ಸೀರೆ ಒರೆಸಿಕೊಳ್ಳುತ್ತ. "ಆದರ ಅವರು ಮಾತರ ಆಡಬೇಕಲ್ರಿ! ನಮ್ಮನಿಯವರಿಗೆ ಕೈಯಾಗ ಒಂದ್ ಸುತ್ತಿಗಿ ಸಿಕ್ಕರ ಹೆಂಡತಿ ಅದಾಳ, ಮಗ ಅದಾನ, ಒಂದೂ ನೆಪ್ಪಿರೂದಿಲ್ಲ. ಧಾರವಾಡದಾಗ ಗ್ರೈಂಡರ್ ಬಿಚ್ಚಿ ಇಟ್ಟು ವಿಮಾನ ಹತ್ಯಾರ. ಅದರ ಸ್ಕ್ರೂ ಇನ್ನೂ ನನ್ನ ಪರ್ಸಿನ್ಯಾಗ ಅದಾವ."

"ನಮ್ಮನೇಲಿ ಡಿಶ್‌ವಾಶರ್" ಎಂದೆ.

ಅವರು ನನ್ನ ಕೈ ಹಿಡಿದು ಒತ್ತಿದರು. ಸಂಬಂಧ ನಿಜವಾಗಿ ಕೂಡಿದ್ದು ಆಗಲೇ ಎಂದು ನನ್ನ ಅಭಿಪ್ರಾಯ. ಆದರೆ ಹೆಂಗಸರ ನಡುವೆ ಕೂಡಿದ್ದನ್ನು ಲೋಕ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಲ್ಲ.

ಗೋಡೆಯ ಗಡಿಯಾರ ರಾಹುಕಾಲದ ಕಡೆಗೆ ಹೊರಳಿತು. ಲಲಿತಮ್ಮ ಗರಾಜಿನ ಬಾಗಿಲಿಗೆ ಹೋಗಿ, "ಏನ್ರೀ, ಹೊತ್ತಾತು. ಎರಡ್ ಮಾತು ಆಡಿ ಮುಗಸ್ರಿ" ಎಂದರು.

"ಮೊದಲು ಪಿನ್ನು" ಎಂದರು ನಮ್ಮವರು.

"ಹೌದ್ ಲಲಿತಾ, ಪ್ರತಿಜ್ಞಾ ಮಾಡ್ಯಾರ ಅವರು. ಆಗಲಿಲ್ಲಂದ್ರ ಮಾತು ಮುಂದಿನ ವರ್ಷ ದಸರಾಕ್ಕ ಆಡೂಣು" ಎಂದರು ಲಿಂಗರಾಜು, ತಲೆಯೆತ್ತದೆ.

"ಮುಂದಿನ ವರ್ಷ?" ಹರ್ಷಿಣಿಯೂ ಕಾರ್ತಿಕೇಯನೂ ಒಟ್ಟಿಗೇ ಕೂಗಿದರು.

ಲಲಿತಮ್ಮನವರ ಮುಖ ಕೆಂಪಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಬಲಗಡೆ ಕಾಲಿಡಲು ಜಾಗವಿರಲಿಲ್ಲ, ಇಷ್ಟೂ ಜನ ಅಲ್ಲೇ ಇದ್ದರು. ಅವರು ಬೆಂಚನ್ನು ಸುತ್ತಿ ಎಡಗಡೆಗೆ ಹೋದರು. ಗಂಡನ ಕೈಯಿಂದ ಸುತ್ತಿಗೆಯನ್ನೂ ನಮ್ಮವರ ಕೈಯಿಂದ ಪಂಚನ್ನೂ ಕಿತ್ತುಕೊಂಡರು. "ನಾಕ್ ದಿನದಿಂದ ಒಂದ್ ಮೊಳಿ ಕೀಳಾಕ ಆಗವಲ್ದು, ಮದಿವಿ ಮಾಡ್ತಾರಂತ ಮದಿವಿ!" ಪಂಚನ್ನು ಬಲಗೈಯಲ್ಲಿ ಹಿಡಿದು, ಪಿನ್ನಿನ ಎಡತುದಿಗೆ ಇಟ್ಟು, ಎಡಗೈಯಲ್ಲಿ ಸುತ್ತಿಗೆ ಎತ್ತಿ ಒಂದೇ ಏಟು.

ಟಣ್!

ಪಿನ್ ಗುಂಪಿನ ನಡುವಿನಿಂದ ಹಾರಿ, ಶೀತಲ್ ಅವರ ಕಿವಿಯ ಪಕ್ಕ ಹಾದು, ಕೆಟ್ಟುಹೋದ ಹೇರ್ ಡ್ರೈಯರಿನೊಳಗೆ ಹೋಗಿ ಬಿತ್ತು. ಸೊಟ್ಟ ಮೂಗು ಕಳಚಿ ಬೆಂಚಿನ ಮೇಲೆ ಉರುಳಿತು.

ಲಲಿತಮ್ಮ ತಮ್ಮ ಎಡಗೈಯನ್ನು ನೋಡಿಕೊಂಡರು, ಬೆಚ್ಚಿ, ಸೆರಗಿನೊಳಗೆ ಮುಚ್ಚಿಕೊಂಡರು. "ತಪ್ಪು ತಿಳೀಬ್ಯಾಡ್ರಿ. ಸಿಟ್ಟು ಬಂದಾಗ ಆ ಕೈ ಮುಂದ ಬರ್ತದ. ನಮ್ಮತ್ತಿ ಸೌಟ್ಲೆ ಬಡದ್ ಬಡದ್ ಬಿಡಿಸ್ಯಾರ, ಆದರೂ..."

"ಆಂಟಿ, ಯು ಆರ್ ಎ ಲೆಫ್ಟೀ?" ಹರ್ಷಿಣಿ ಚೀರಿದಳು. ಬೆಳಗಿನಿಂದ ಬೆನ್ನ ಹಿಂದೆ ಕಟ್ಟಿಟ್ಟಿದ್ದ ಎಡಗೈಯನ್ನು ಮೇಲೆತ್ತಿ ತೋರಿಸಿದಳು. "ಮೀ ಟೂ! ಅಮ್ಮ ಟೋಲ್ಡ್ ಮಿ ಟು ಹೈಡ್ ಇಟ್ ಫ್ರಮ್ ಯೂ!"

ನೆಲ ಬಾಯಿ ಬಿಡಲೆಂದು ನಾನು ಬೇಡಿಕೊಂಡೆ. ಅದೂ ಮೊಂಡು, ಬಿಡಲಿಲ್ಲ. ಲಲಿತಮ್ಮ ಸೊಸೆಯ ಕೈ ನೋಡಿದರು, ತಮ್ಮ ಸೀರೆಯ ಮೇಲಿನ ಪಾನಕದ ಕಲೆ ನೋಡಿದರು, ಜೋರಾಗಿ ನಗಲು ಶುರು ಮಾಡಿದರು.

ನಮ್ಮವರು ಗಂಟಲು ಸರಿಮಾಡಿಕೊಂಡರು. "ನಾವು ಅಷ್ಟು ಸಡಿಲ ಮಾಡಿ ಇಟ್ಟಿದ್ವಿ, ಅದಕ್ಕೇ..."

ಹರ್ಷಿಣಿ ಹೇರ್ ಡ್ರೈಯರಿನಿಂದ ಪಿನ್ ಹೊರತೆಗೆದು ಬೆಳಕಿಗೆ ಹಿಡಿದಳು. ಹಲ್ಲು ನೋಡುವ ಕಣ್ಣು ಅದು. "ಅಪ್ಪಾ, ಒಂದು ಎಂಡ್ ದಪ್ಪ, ಇನ್ನೊಂದು ಸಣ್ಣ. ಎಡಗಡೆಯಿಂದ ಹೊಡೆದು ಬಲಗಡೆಗೆ ತೆಗೀಬೇಕು. ಯು ಕೆಪ್ಟ್ ಹಿಟ್ಟಿಂಗ್ ದ ಫ್ಯಾಟ್ ಎಂಡ್. ಹೊಡೆದಷ್ಟೂ ಟೈಟ್ ಆಗಿದೆ."

ಗರಾಜಿನಲ್ಲಿ ಗಂಡಸರು ಯಾರೂ ಯಾರ ಮುಖವನ್ನೂ ನೋಡಲಿಲ್ಲ. "ಹಾಗಾದ್ರೆ ಹಾಕುವಾಗ ಬಲಗಡೆಯಿಂದಾನೇ ತಾನೇ?" ಎಂದು ನಮ್ಮವರು ಸಣ್ಣ ದನಿಯಲ್ಲಿ ಕೇಳಿದರು. ಹೌದೆಂದಳು ಮಗಳು. ಅವರ ಮುಖ ಅರಳಿತು. ಹೊಸ ಮೂಗು ಕೂರಿಸಿ ಪಿನ್ನನ್ನು ಬಲಗಡೆಯಿಂದ ಹೊಡೆದು, ತಮ್ಮ ಸಿದ್ಧಾಂತವೇ ಗೆದ್ದಂತೆ ಸುತ್ತ ನೋಡಿದರು.

ಪೂಜೆಯಾಯಿತು. ಊದುಗೊಳವೆಗೆ ಚೆಂಡುಹೂವಿನ ಮಾಲೆ ಬಿತ್ತು. ಲಲಿತಮ್ಮ ಸುತ್ತಿಗೆಗೂ ಕುಂಕುಮ ಹಚ್ಚಿದರು, ರೈಫಲಿಗಿಂತ ಒಂದು ಬೊಟ್ಟು ಹೆಚ್ಚಾಗಿಯೇ. ಮದುವೆಯ ಮಾತು ಆರತಿ ತಟ್ಟೆ ಇಳಿಸುವಷ್ಟರಲ್ಲಿ ಮುಗಿಯಿತು. ಆಡಲು ಅಷ್ಟೇ ಇದ್ದದ್ದು. ಇನ್ನೇನು ರಾಹುಕಾಲ ಬಂತು ಎನ್ನುವಾಗ ಲಲಿತಮ್ಮ ಸೊಸೆಗೆ ಸಿಹಿ ತಿನ್ನಿಸಲು ಹೋಳಿಗೆ ಮುರಿದರು. ಮುರಿದದ್ದು ಎಡಗೈಯಲ್ಲಿ.

"ಲಲಿತಾ, ಕೈ..." ಎಂದರು ಲಿಂಗರಾಜು.

ಲಲಿತಮ್ಮ ಸುತ್ತಿಗೆಯ ಕಡೆಗೆ ಒಮ್ಮೆ ನೋಡಿದರು, ಅಷ್ಟೆ.

"ಕೈ ರುಚಿ ಭಾಳ ಛಲೋ ಅದ ಬೀಗರ ಮನಿಯವರ್ದು, ಅಂದೆ" ಎಂದು ಲಿಂಗರಾಜು ಬೇಗ ಬೇಗ ಒಂದು ಹೋಳಿಗೆಯನ್ನು ಬಾಯಿಗಿಟ್ಟುಕೊಂಡರು.